‘ಫಿಕಾರ್’ ಕೊನೆಗೂ ಬಗ್ಗಿದ್ದು ಕನ್ನಡಕ್ಕೆ

ಪೋರ್ಚುಗೀಸಿನಿಂದ ಇಂಗ್ಲಿಷಿಗೆ ಅನುವಾದ ಮಾಡುವವರಿಗೆ ‘ಫಿಕಾರ್’ ಎಂಬ ಕ್ರಿಯಾಪದ ಕೊಡುವ ಕಾಟ ಗೊತ್ತೇ ಇದೆ. ಇರು, ಆಗು, ಉಳಿ, ಹೀಗೆ ಅದಕ್ಕೆ ಹತ್ತಾರು ಅರ್ಥ. ನಾನು ಅದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗುತ್ತೇನೆ. “ಮಧ್ಯೆ ಕನ್ನಡ ತರಬೇಡಿ, ತಪ್ಪು ಜಾಸ್ತಿಯಾಗುತ್ತೆ” ಎಂದು ಜೊತೆಯವರೆಲ್ಲ ಹೇಳಿದ್ದರು. ಹೀಗೆ ಮಾಡಲು ಶುರುಮಾಡಿ ಎಂಟು ತಿಂಗಳಾಯಿತು, ಈ ಪದಕ್ಕೆ ಒಂದೂ ತಿದ್ದುಪಡಿ ವಾಪಸ್ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಮಾತು. ಬ್ರೆಜಿಲ್‌ನ ಇಬ್ಬರು ವ್ಯಾಪಾರಿಗಳ ಪತ್ರಗಳು, ಹತ್ತಿರಹತ್ತಿರ 30 ಸಾವಿರ ಪದ. ಒಂದು ಕಡೆ ‘ಫಿಕೋ ಜಿ ಪಗಾರ್ ನ ಸೆಸ್ತಾ’ ಎಂದಿತ್ತು (‘ಫಿಕೋ’ ಅಂದರೆ ಫಿಕಾರ್‌ನ ಭೂತಕಾಲ). ‘ಎಂಡೆಡ್ ಅಪ್ ಪೇಯಿಂಗ್ ಆನ್ ಫ್ರೈಡೇ’ ಎಂದು ಬರೆದುಬಿಟ್ಟೆ. ನಿಜವಾದ ಅರ್ಥ ‘ಶುಕ್ರವಾರ ಕೊಡ್ತೀನಿ ಅಂದಿದ್ದ’. ಅಷ್ಟೇ. ಕೊಟ್ಟೇ ಇರಲಿಲ್ಲ, ಜಗಳ ಇದ್ದದ್ದೇ ಅದಕ್ಕೆ! ನನ್ನ ಬಿಲ್ಲಿನಲ್ಲಿ ಸುಮಾರು 15 ಸಾವಿರ ಹಿಡಿದುಕೊಂಡರು.

ಆಮೇಲೆ ನಿಘಂಟಿನ ಅರ್ಥಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. ಸ್ಟೇ, ಬಿಕಮ್, ಕೀಪ್, ಸೂಟ್... ಇಪ್ಪತ್ತು ದಾಟಿತು. ಎರಡು ವಾರ ಸುಮ್ನೆ ಹೋಯಿತು. ಯಾವುದನ್ನು ಎಲ್ಲಿ ಹಾಕಬೇಕು ಅಂತ ಪಟ್ಟಿ ಹೇಳುವುದಿಲ್ಲ.

ಒಂದು ಸಂಜೆ ತರಕಾರಿ ಗಾಡಿ ಹತ್ತಿರ “ಎಷ್ಟಾಯ್ತಮ್ಮಾ?” ಅಂದೆ. ‘ಕ್ವಾಂತು ಫಿಕೋ?’ ಕೂಡ ಇದೇ ಅಲ್ವಾ!

ಅಲ್ಲಿಂದ ಹೀಗೆ ಮಾಡುತ್ತೇನೆ. ಫಿಕಾರ್ ಆದಮೇಲೆ ಬರುವ ಪುಟ್ಟ ಪದ ನೋಡುತ್ತೇನೆ. ಮನೆಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಜೋರಾಗಿ ಹೇಳಿಕೊಳ್ಳುತ್ತೇನೆ. ಇಂಗ್ಲಿಷ್ ಆಮೇಲೆ. ‘ಕೋಂ’ (ಜೊತೆ) ಇದ್ದರೆ ‘ಚಿಲ್ಲರೆ ನೀವೇ ಇಟ್ಕೊಳ್ಳಿ’, ಅಂದರೆ ಕೀಪ್ ದಿ ಚೇಂಜ್. ‘ಸೇಂ’ (ಇಲ್ಲದೆ) ಇದ್ದರೆ ‘ದುಡ್ಡು ಖಾಲಿಯಾಯ್ತು’, ರನ್ ಔಟ್. ‘ಪಾರಾ’ (-ಗೆ) ಇದ್ದರೆ ‘ನಾಳೆಗಿರಲಿ’. ‘ಫಿಕೋ ಒಲ್ಯಾಂಡು’ ಬಂದರೆ ‘ನೋಡ್ತಾನೇ ನಿಂತ’, ಕೆಪ್ಟ್ ಲುಕಿಂಗ್. ‘ಅಳ್ತಾ ಕೂತಳು’ ಅನ್ನುವಾಗ ಅವಳು ಕೂತಿರಲೇಬೇಕು ಅಂತೇನಿಲ್ಲವಲ್ಲ, ಫಿಕಾರ್ ಕೂಡ ಹಾಗೇ. ಇದು ಹೊಳೆದ ದಿನ ತುಂಬಾ ಖುಷಿಯಾಗಿತ್ತು.

ಅಂಥ ಪುಟ್ಟ ಪದ ಇಲ್ಲದಿದ್ದರೆ? ಊರು, ಕಟ್ಟಡದ ಮಾತಾದರೆ ‘ಎಲ್ಲಿದೆ’. ಮನುಷ್ಯರಾದರೆ ಹೆಚ್ಚಾಗಿ ಸ್ಟೇ. 1822ರ ಜನವರಿ 9ರಂದು ರಿಯೋದಲ್ಲಿ ಪೋರ್ಚುಗಲ್‌ನ ರಾಜಕುಮಾರ ಪೆದ್ರು, ಲಿಸ್ಬನ್‌ನವರು ವಾಪಸ್ ಬಾ ಎಂದಾಗ, ‘ಫೀಕು’ ಅಂದದ್ದು ಇದೇ ಅರ್ಥದಲ್ಲಿ. ಇಲ್ಲೇ ಇರ್ತೀನಿ ಅಂತ. ಆ ದಿನದ ಹೆಸರೇ ‘ಜಿಯಾ ದು ಫೀಕು’ ಆಯಿತು.

ಕನ್ನಡ ಕೈಕೊಡುವುದು ಒಂದೇ ಕಡೆ. ‘ಮಾರಿಯಾ ಫಿಕೋ ಕೋಂ ಅ ಕಾಜಾ’ ಅಂದರೆ ಮನೆ ಅವಳ ಪಾಲಿಗೆ ಬಂತು. ‘ಕಾಜಾ’ ಜಾಗದಲ್ಲಿ ಹುಡುಗನ ಹೆಸರಿದ್ದರೆ ಬ್ರೆಜಿಲ್‌ನಲ್ಲಿ ಮುತ್ತಿಡುವ ವಿಷಯ, ಬದ್ಧತೆಯಿಲ್ಲದ ಸಂಬಂಧ. ‘ಹುಕ್ಡ್ ಅಪ್’ ಅಂದರೆ ಮುತ್ತಿಗಿಂತ ಮುಂದೆ ಹೋದಂತೆ ಕೇಳಿಸಬಹುದು, ಎಷ್ಟೋ ಸಲ ಜಾಸ್ತಿಯಾಗುತ್ತೆ. ಮೇಡ್ ಔಟ್ (ಬರೀ ಮುತ್ತು), ಹುಕ್ಡ್ ಅಪ್, ಇವೆರಡರಲ್ಲಿ ಯಾವುದು ಅಂತ ಪತ್ತೆಹಚ್ಚಲು ನನ್ನದೊಂದು ಗುರುತಿದೆ. ಅದು ನನ್ನ ಹತ್ತಿರವೇ ಇರಲಿ.

ಕನ್ನಡದ ಬದಲು ಹಿಂದಿಯ ‘ರೆಹನಾ’ (ಇರು) ಇಟ್ಟುಕೊಂಡೂ ನೋಡಿದೆ. ಮೂರು ನಾಲ್ಕು ಅರ್ಥಕ್ಕೆ ಸರಿ, ಮುಂದಕ್ಕೆ ಎಳೆಯುವುದಿಲ್ಲ. ಪದಕ್ಕೆ ಎರಡು ರೂಪಾಯಿ ಕೇಳುತ್ತಿದ್ದವನು ಈಗ ಮೂರು ಕೇಳುತ್ತೇನೆ, ಕೊಡುತ್ತಾರೆ. ಸದ್ಯ ‘ದಾರ್’ (ಕೊಡು) ಎಂಬ ಇನ್ನೊಂದು ಕ್ರಿಯಾಪದ ಹಿಡಿದಿದ್ದೇನೆ. ‘ದಾ ಪಾರಾ’ಗೆ ನಮ್ಮ ‘ಆಗುತ್ತೆ’ ಸಲೀಸಾಗಿ ಕೂತಿತು. ‘ದಾರ್ ಪೋರ್’ ಇನ್ನೂ ಸತಾಯಿಸುತ್ತಿದೆ.