ಡೇಟ್ ಕೊಟ್ಟ ಮೇಲೆ ಸುಮ್ನಿರಬಾರದು

ನಾಲ್ಕು ಜನ ಫೋಟೋಗ್ರಾಫರ್‌ಗಳು ಸೇರಿದರೆ ಲೆನ್ಸ್ ಮಾತು ಮುಗಿಯುವಷ್ಟರಲ್ಲಿ ಒಂದು ದೂರು ಬಂದೇ ಬರುತ್ತದೆ: "ಈ ಮಾಡೆಲ್‌ಗಳು ರಿಪ್ಲೈನೇ ಮಾಡಲ್ಲ ಕಣ್ರೀ." ಮಾಡೆಲ್‌ಗಳು ಸೇರಿದ ಕಡೆಯೂ ಇದೇ ಗೋಳು. "ಶೂಟ್ ಆಗೋವರೆಗೂ ಗಂಟೆಗೊಂದು ಮೆಸೇಜ್, ಆದ ಮೇಲೆ ಆಸಾಮಿ ನಾಪತ್ತೆ." ನಾನು ಪೋರ್ಟ್ರೇಟ್ ಮತ್ತು ಫ್ಯಾಷನ್ ಶೂಟ್ ಮಾಡುವವನು. ಎರಡೂ ಕಡೆಯ ದೂರು ಕೇಳಿ ಕೇಳಿ ನನ್ನ ಮಟ್ಟಿಗೆ ಒಂದು ಗೆರೆ ಎಳೆದುಕೊಂಡಿದ್ದೇನೆ. ಶೂಟ್‌ನ ಡೇಟ್ ಮಾತು ಬರುವವರೆಗೆ ನನಗೆ ಯಾರೂ ಉತ್ತರ ಬಾಕಿ ಇಲ್ಲ. ಡೇಟ್ ಬಂತು ಅಂದರೆ ಅಲ್ಲಿಂದ ಮುಂದೆ ಇಬ್ಬರೂ ಸುಮ್ಮನಿರುವ ಹಾಗಿಲ್ಲ.

ಮೊದಲ ಅರ್ಧ ಕೇಳಿದರೆ ನನ್ನ ಗೆಳೆಯರಿಗೆ ಸಿಟ್ಟು ಬರುತ್ತದೆ. "ಒಂದು ಇಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕು?" ಅಂತ ಕೇಳುತ್ತಾರೆ. ಯಾವುದಾದರೂ ಮಾಡೆಲ್‌ನ ಇನ್‌ಬಾಕ್ಸ್ ಒಮ್ಮೆ ನೋಡಿದರೆ ಆ ಪ್ರಶ್ನೆ ಬರುವುದಿಲ್ಲ. "ಹಾಯ್", "ಹಲೋ ಡಿಯರ್", "ಕೊಲ್ಯಾಬ್ ಮಾಡೋಣ್ವಾ?", ಬರೀ ಬೆಂಕಿ ಎಮೋಜಿ, ಎಲ್ಲರಿಗೂ ಅಂಟಿಸಿ ಕಳಿಸಿದ ಅದೇ ಮೂರು ಸಾಲು. ಇದರ ಮಧ್ಯೆ ಎಲ್ಲೋ ಒಂದು ಕಡೆ ನಿಜವಾದ ಕೆಲಸದ ಮೆಸೇಜ್. ಎಷ್ಟೋ ಮಾಡೆಲ್‌ಗಳಿಗೆ "ಇಲ್ಲ" ಅಂತ ಮರ್ಯಾದೆಯಾಗಿ ಬರೆದದ್ದಕ್ಕೇ ಬೈಗುಳ ಸಿಕ್ಕಿದೆ, ಅಥವಾ "ಯಾಕೆ ಇಲ್ಲ?" ಅಂತ ಶುರುವಾದ ಮಾತು ರಾತ್ರಿ ಹನ್ನೊಂದರವರೆಗೆ ಎಳೆದಿದೆ. ಅಂಥವರು ಅಪರಿಚಿತರಿಗೆ ಉತ್ತರ ಕೊಡದಿದ್ದರೆ ಅದು ಸೊಕ್ಕಲ್ಲ, ಹುಷಾರು.

ಜೊತೆಗೆ ಆ್ಯಪ್‌ನದ್ದೇ ಕಿತಾಪತಿ ಬೇರೆ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮನ್ನು ಫಾಲೋ ಮಾಡದವರಿಗೆ ಬರೆದದ್ದು ಸಾಮಾನ್ಯವಾಗಿ ನೇರ ಇನ್‌ಬಾಕ್ಸ್‌ಗೆ ಹೋಗುವುದಿಲ್ಲ, ರಿಕ್ವೆಸ್ಟ್ಸ್‌ನಲ್ಲಿ ಕೂರುತ್ತದೆ. ಅವರು ಒಪ್ಪಿಕೊಳ್ಳುವವರೆಗೆ ಓದಿದರೋ ಇಲ್ಲವೋ ನಮಗೆ ಗೊತ್ತಾಗುವುದೂ ಇಲ್ಲ. 2023ರಿಂದ ಹೀಗೆ ಫಾಲೋ ಮಾಡದವರಿಗೆ ಒಂದೇ ಮೆಸೇಜ್, ಅದೂ ಬರೀ ಅಕ್ಷರ ಅಂತ ಕಟ್ಟು ಹಾಕಿದರು. ಅಂದರೆ "ಹಾಯ್" ಅಂತ ಬರೆದಿರೋ, ನಿಮಗಿದ್ದ ಒಂದೇ ಅವಕಾಶ ಅಲ್ಲಿಗೆ ಖರ್ಚಾಯಿತು. ಕೆಲಸದ ವಿವರ ಆಮೇಲೆ ಬರೆಯೋಣ ಅಂದರೆ ಆ ಆಮೇಲೆ ಬರುವುದೇ ಇಲ್ಲ.

ಹಾಗಾಗಿ ನಾನು ಮೊದಲ ಮೆಸೇಜಿಗೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ಈಗ ಬರೆಯುವುದು ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ, ನಾನು ಪೋರ್ಟ್ರೇಟ್ ಫೋಟೋಗ್ರಾಫರ್, ನನ್ನ ಕೆಲಸ ಪ್ರೊಫೈಲ್‌ನಲ್ಲಿದೆ. ಕಿಟಕಿ ಬೆಳಕಿನಲ್ಲಿ ಒಂದು ಬ್ಲ್ಯಾಕ್ ಅಂಡ್ ವೈಟ್ ಸೀರೀಸ್ ಮಾಡುತ್ತಿದ್ದೇನೆ. ಮೂರು ಗಂಟೆ ಕೆಲಸ, ಸ್ಟುಡಿಯೋದಲ್ಲಿ, ನಿಮ್ಮದೇ ಬಟ್ಟೆ, ಮೇಕಪ್ ಆರ್ಟಿಸ್ಟ್ ನಮ್ಮ ಕಡೆಯಿಂದ. ಇದು ಟಿಎಫ್‌ಪಿ, ದುಡ್ಡಿಲ್ಲ. ಎಡಿಟ್ ಮಾಡಿದ ಹತ್ತು ಫೋಟೋ ಎರಡು ವಾರದಲ್ಲಿ ಕೊಡುತ್ತೇನೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಬರಬಹುದು. ಆಸಕ್ತಿ ಇದ್ದರೆ ತಿಳಿಸಿ, ಫೋಟೋಗಳು ಹೇಗಿರುತ್ತವೆ ಅಂತ ತೋರಿಸುವ ಮೂಡ್ ಬೋರ್ಡ್ ಕಳಿಸುತ್ತೇನೆ. ಇಲ್ಲದಿದ್ದರೆ ಉತ್ತರ ಬರೆಯಲೇಬೇಕು ಅಂತಿಲ್ಲ."

ದುಡ್ಡಿನ ವಿಷಯ ಅದರಲ್ಲೇ ಇದೆ ನೋಡಿ; ಟಿಎಫ್‌ಪಿ ಅಂದರೆ ಕೂಲಿ ಬದಲು ಫೋಟೋ. "ಪೇಮೆಂಟ್ ಇದೆಯಾ?" ಅಂತ ಮಾಡೆಲ್ ಕೈಲಿ ಕೇಳಿಸಬಾರದು. ಕೇಳಲು ಅವರಿಗೆ ಮುಜುಗರ, ಕೇಳಿದ ಮೇಲೆ ನಾವು ರಾಗ ಎಳೆದರೆ ಇನ್ನೂ ಮುಜುಗರ. "ಎಕ್ಸ್‌ಪೋಷರ್ ಸಿಗುತ್ತೆ" ಅನ್ನುವ ಮಾತಂತೂ ಬೇಡವೇ ಬೇಡ. ನಿಮ್ಮ ಚಂದ, ನಿಮ್ಮ ಕಣ್ಣು ಅಂತೆಲ್ಲ ಹೊಗಳಿಕೆಯೂ ಬೇಡ, ಅದು ಕೆಲಸದ ಮಾತಲ್ಲ. ಒಂದೇ ಪ್ರಶ್ನೆ ಇದ್ದರೆ ಸಾಕು, ಹೌದು ಅಥವಾ ಇಲ್ಲ ಅಂತ ಹೇಳುವಂಥದ್ದು. ಹದಿನೆಂಟು ತುಂಬದವರಾದರೆ ಅವರಿಗೆ ಬರೆಯುವುದೇ ಇಲ್ಲ. ಅಪ್ಪ ಅಮ್ಮನ ಅಥವಾ ಏಜೆನ್ಸಿಯ ಜೊತೆ ಮಾತು.

ಉತ್ತರ ಬರದಿದ್ದರೆ? ಬೇರೆ ದಾರಿ ಇದ್ದರೆ, ಅಂದರೆ ಪ್ರೊಫೈಲ್‌ನಲ್ಲಿ ಇಮೇಲ್ ಕೊಟ್ಟಿದ್ದರೆ, ವಾರ ಬಿಟ್ಟು ಒಂದು ಇಮೇಲ್. ಅಷ್ಟೇ. "ನೋಡಿದ್ರಾ?", "ಬ್ಯುಸಿನಾ?", ಬರೀ ಎರಡು ಪ್ರಶ್ನಾರ್ಥಕ ಚಿಹ್ನೆ, ಇವೆಲ್ಲ ಸಾಲ ವಸೂಲಿ ಮಾಡುವವರ ಭಾಷೆ. ವಾಟ್ಸಾಪ್‌ಗೆ 2014ರಲ್ಲಿ ನೀಲಿ ಟಿಕ್ ಬಂದಾಗಿನಿಂದ ಜನರಿಗೆ ಓದಿದ್ದೂ ಒಪ್ಪಿದ್ದೂ ಒಂದೇ ಆಗಿಬಿಟ್ಟಿದೆ. ಓದಿದ್ದಾರೆ ಅಂದರೆ ಓದಿದ್ದಾರೆ, ಅಷ್ಟೇ ಅಲ್ವಾ.

ಇನ್ನು ನನಗೇ ಮಾಡೆಲ್‌ಗಳು ಬರೆದಾಗ. ಇಲ್ಲಿ ನನ್ನ ನಿಯಮ ಸ್ವಲ್ಪ ಬೇರೆ. ಪೋರ್ಟ್‌ಫೋಲಿಯೊ ಲಿಂಕ್ ಹಾಕಿ, ಅಳತೆ ಬರೆದು, ಮೇಕಪ್ ಇಲ್ಲದ ಎರಡು ಫೋಟೋ ಇಟ್ಟು ಹೊಸಬರೊಬ್ಬರು ಕೇಳಿದ್ದಾರೆ ಅಂದರೆ ಅವರು ಸಾಕಷ್ಟು ಹೊತ್ತು ಖರ್ಚು ಮಾಡಿದ್ದಾರೆ. ಬಾಕಿ ಇಲ್ಲದಿದ್ದರೂ ಅಂಥವರಿಗೆ ಎರಡು ದಿನದೊಳಗೆ ಬರೆಯುತ್ತೇನೆ, ಬಹಳ ಸಲ ಅದು "ಇಲ್ಲ" ಅಂತಲೇ. "ಕಳಿಸಿದ್ದಕ್ಕೆ ಥ್ಯಾಂಕ್ಸ್. ಸದ್ಯ ನಾನು ಮಾಡುತ್ತಿರುವ ಕೆಲಸಕ್ಕೆ ಹೊಂದುವುದಿಲ್ಲ. ಪ್ರೊಫೈಲ್ ಇಟ್ಟುಕೊಂಡಿರುತ್ತೇನೆ." ನಿಜವಾಗಿ ಇಟ್ಟುಕೊಂಡಿದ್ದರೆ ಮಾತ್ರ ಕೊನೆಯ ಸಾಲು. ನಮ್ಮಲ್ಲಿ ಎಲ್ಲಕ್ಕೂ ಒಂದು "ನೋಡೋಣ" ಇದೆಯಲ್ಲ, ಅದನ್ನು ಬರೆಯುವುದಿಲ್ಲ. ನಾವು "ನೋಡೋಣ" ಅಂದು ಮರೆತುಬಿಡುತ್ತೇವೆ, ಆ ಕಡೆಯವರು ತಿಂಗಳುಗಟ್ಟಲೆ ಕಾಯುತ್ತಿರುತ್ತಾರೆ. ಅವರ ಮೂಗು, ಎತ್ತರ, ಬಣ್ಣದ ಬಗ್ಗೆ ಕೇಳದೆ ಅಭಿಪ್ರಾಯ ಕೊಡುವುದೂ ಇಲ್ಲ.

ಈಗ ಡೇಟ್ ವಿಷಯಕ್ಕೆ ಬರೋಣ. ಏಜೆನ್ಸಿಗಳ ಲೋಕದಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿ ಇದೆ. ಮಾಡೆಲ್ ಬೇಕು ಅಂತ ಖಚಿತ ಆಗದಿದ್ದರೂ ಆ ದಿನವನ್ನು ಹೋಲ್ಡ್ ಮಾಡಿ ಇಟ್ಟುಕೊಳ್ಳಬಹುದು. ಅದು ಫಸ್ಟ್ ಆಪ್ಷನ್. ಅದೇ ದಿನ ಇನ್ನೊಬ್ಬರು ಕೇಳಿದರೆ ಅವರದು ಸೆಕೆಂಡ್ ಆಪ್ಷನ್. ಸೆಕೆಂಡ್‌ನವರು ಕನ್ಫರ್ಮ್ ಮಾಡುತ್ತೇವೆ ಅಂದರೆ ಏಜೆನ್ಸಿ ಮೊದಲಿನವರನ್ನು ಕೇಳುತ್ತದೆ: ನೀವು ಕನ್ಫರ್ಮ್ ಮಾಡುತ್ತೀರೋ, ಬಿಟ್ಟುಕೊಡುತ್ತೀರೋ? ಸಾಮಾನ್ಯವಾಗಿ 24 ಗಂಟೆಯೊಳಗೆ ಹೇಳಬೇಕು. ಏಜೆನ್ಸಿ ಇಲ್ಲದ ಮಾಡೆಲ್‌ಗಳ ಜೊತೆಗೂ ನಾನು ಇದನ್ನೇ ಪಾಲಿಸುತ್ತೇನೆ. "ಶನಿವಾರ ಹೋಲ್ಡ್ ಮಾಡಿ, ಬುಧವಾರ ಸಂಜೆಯೊಳಗೆ ಹೇಳುತ್ತೇನೆ. ಬೇರೆ ಕೆಲಸ ಬಂದರೆ ನನಗೊಂದು ಮಾತು ಹೇಳಿ" ಅಂತ ಬರೆಯುತ್ತೇನೆ. ಬುಧವಾರ ಸಂಜೆ ಕ್ಲೈಂಟ್ ಇನ್ನೂ ಬಾಯಿ ಬಿಟ್ಟಿಲ್ಲ ಅಂದರೂ ಮೆಸೇಜ್ ಹೋಗಲೇಬೇಕು: "ಇನ್ನೂ ಗೊತ್ತಾಗಿಲ್ಲ, ನಿಮಗೆ ಬೇರೆ ಕೆಲಸ ಬಂದಿದ್ದರೆ ಒಪ್ಪಿಕೊಳ್ಳಿ." ಕ್ಲೈಂಟ್ ಬೇರೆಯವರನ್ನು ಆರಿಸಿದ ದಿನವೇ ಹೋಲ್ಡ್ ಬಿಡುತ್ತೇನೆ. ಇದನ್ನು ಮಾಡುವವರು ಬಹಳ ಕಡಿಮೆ. ಕೆಲಸ ಸಿಕ್ಕವರಿಗೆ ಫೋನ್ ಹೋಗುತ್ತದೆ, ಸಿಗದವರಿಗೆ ಬೇರೆಯವರ ಸ್ಟೋರಿ ನೋಡಿ ಗೊತ್ತಾಗುತ್ತದೆ.

ಮಾಡೆಲ್ ಕಡೆಯಿಂದಲೂ ಅಷ್ಟೇ. ಒಂದು ಡೇಟ್ ಹಿಂದೆ ಸ್ಟುಡಿಯೋ ಬಾಡಿಗೆ ಇರುತ್ತದೆ, ಮೇಕಪ್‌ನವರು, ಬಟ್ಟೆ ನೋಡಿಕೊಳ್ಳುವವರು, ಅಸಿಸ್ಟೆಂಟ್ ಇರುತ್ತಾರೆ. ಹಿಂದಿನ ರಾತ್ರಿ ಮೈ ಸರಿ ಇಲ್ಲ ಅಂತ ಎರಡು ಪದ ಬಂದರೂ ಎಲ್ಲರಿಗೂ ಫೋನ್ ಮಾಡಿ ನಿಲ್ಲಿಸಬಹುದು. ಏನೂ ಬರದೆ ಫೋನ್ ಸ್ವಿಚ್ ಆಫ್ ಆದರೆ ಅವರೆಲ್ಲರ ಒಂದು ದಿನ ಹೋಯಿತು. ಅದಕ್ಕೆ ಹಿಂದಿನ ದಿನ ಕಾಲ್ ಶೀಟ್ ಕಳಿಸಿ, ಜಾಗ, ಸಮಯ, ಯಾರು ಯಾರು ಇರುತ್ತಾರೆ ಎಲ್ಲ ಬರೆದು, "ಸಿಕ್ಕಿತು ಅಂತ ಒಂದು ಮೆಸೇಜ್ ಹಾಕಿ" ಅಂತ ಸೇರಿಸುತ್ತೇನೆ. ಥಂಬ್ಸ್ ಅಪ್ ಸಾಕು. ಸಂಜೆಯಾದರೂ ಬರದಿದ್ದರೆ ನೇರ ಫೋನ್. ಬರಲು ಆಗುವುದಿಲ್ಲ ಅಂದವರಿಗೆ ನಾನು ಕಾರಣ ಕೇಳುವುದಿಲ್ಲ. "ಹೇಳಿದ್ದು ಒಳ್ಳೆಯದಾಯಿತು" ಅಂತ ಬರೆಯುತ್ತೇನೆ, ಒಳಗೊಳಗೆ ಎಷ್ಟೇ ಉರಿದಿದ್ದರೂ. ಬೈದರೆ ಮುಂದಿನ ಸಲ ಅವರೂ ಫೋನ್ ಆಫ್ ಮಾಡುತ್ತಾರೆ.

ಶೂಟ್ ಆದ ಮೇಲೆ ಬಾಲ್ ನಮ್ಮ ಅಂಗಳದಲ್ಲಿ, ಫೋಟೋಗ್ರಾಫರ್‌ಗಳು ಮರ್ಯಾದೆ ಕಳೆದುಕೊಳ್ಳುವುದೂ ಜಾಸ್ತಿ ಇಲ್ಲೇ. ಟಿಎಫ್‌ಪಿ ಅನ್ನುವುದು ಫಿಲ್ಮ್ ಕಾಲದಿಂದ ಬಂದದ್ದು, ಮಾಡೆಲ್ ಸಮಯ ಕೊಟ್ಟರೆ ಕೂಲಿ ಬದಲು ಪ್ರಿಂಟ್. ಪ್ರಿಂಟ್ ಹೋಗಿ ಲಿಂಕ್ ಬಂದಿದೆ, ಕೂಲಿ ಮಾತ್ರ ಅದೇ. ಎರಡು ವಾರ ಅಂದು ಎರಡು ತಿಂಗಳು ಸುಮ್ಮನಿದ್ದರೆ ಅದು ಸಂಬಳ ತಡೆಹಿಡಿದ ಹಾಗೆ. ಎಡಿಟಿಂಗ್ ಹಿಂದೆ ಬೀಳುವುದು ಸಹಜ, ನನಗೂ ಬೀಳುತ್ತದೆ. ಆದರೆ ಅವರು ಕೇಳುವ ಮುಂಚೆ ನಾನೇ ಬರೆಯುತ್ತೇನೆ: "ಶುಕ್ರವಾರ ಅಂದಿದ್ದೆ, ಆಗುವುದಿಲ್ಲ. ಮುಂದಿನ ಮಂಗಳವಾರ. ಅಲ್ಲಿಯವರೆಗೆ ಈ ಎರಡು ನೋಡಿ." ಹೊಸ ದಿನ ಹೇಳದೆ ಬರೀ "ಆಗ್ತಾ ಇದೆ" ಅಂದರೆ ಅದೂ ಒಂದು ಬಗೆಯ ನಾಪತ್ತೆಯೇ. ರಾ ಫೈಲ್, ಅಂದರೆ ಎಡಿಟ್ ಮಾಡದ ಮೂಲ ಫೈಲ್, ಕೇಳಿದರೆ ಕೊಡುವುದಿಲ್ಲ, ಅದನ್ನೂ ಶೂಟಿಗೆ ಮುಂಚೆಯೇ ಹೇಳಿರುತ್ತೇನೆ. ಕೊಡುವ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ಡ್ರೈವ್ ಲಿಂಕ್ ಕೊಡುತ್ತೇನೆ, ಇಲ್ಲದಿದ್ದರೆ ಸೈಜ್ ಕುಗ್ಗಿ ಹಾಳಾಗುತ್ತದೆ. ಸಿಕ್ಕಿತು ಅಂತ ಅವರೂ ಒಂದು ಮಾತು ಹೇಳಿದರೆ ಚೆನ್ನ. ಎಷ್ಟೋ ಜನ ಹೇಳುವುದಿಲ್ಲ, ಇರಲಿ.

ಇನ್ನೊಂದು ಬಗೆಯ ಮೆಸೇಜ್ ಇದೆ, ಅದಕ್ಕೆ ನಾನು ಎಷ್ಟೇ ಕೆಲಸವಿದ್ದರೂ ಅವತ್ತೇ ಉತ್ತರ ಕೊಡುತ್ತೇನೆ. "ನಿಮ್ಮ ಜೊತೆ ಕೆಲಸ ಮಾಡಿದ ಇಬ್ಬರು ಮಾಡೆಲ್‌ಗಳ ಹೆಸರು ಕೊಡುತ್ತೀರಾ? ಅವರ ಹತ್ತಿರ ಮಾತಾಡಬೇಕು" ಅಂತ ಹೊಸ ಮಾಡೆಲ್ ಕೇಳುವುದು. ಇದನ್ನು ಅವಮಾನ ಅಂದುಕೊಳ್ಳುವ ಫೋಟೋಗ್ರಾಫರ್‌ಗಳು ಇದ್ದಾರೆ. ಅಪರಿಚಿತರ ಸ್ಟುಡಿಯೋಗೆ ಹೋಗುವವರು ಕೇಳದೆ ಇನ್ನೇನು ಮಾಡಬೇಕು? ಮೊದಲೇ ಒಪ್ಪಿರುವ ಕೆಲವರ ಹೆಸರು ಕೊಟ್ಟು, ಅವರಿಗೂ "ಒಬ್ಬರು ಕೇಳಬಹುದು, ಇದ್ದದ್ದು ಇದ್ದ ಹಾಗೆ ಹೇಳಿ" ಅಂತ ಬರೆಯುತ್ತೇನೆ. ಏನು ಹೇಳಿದಿರಿ ಅಂತ ಆಮೇಲೆ ಕೇಳುವುದಿಲ್ಲ.