ಉತ್ತರ ಆಮೇಲೆ, ಮೊದಲು ಕೇಳಿದ್ದನ್ನು ಹೇಳಿ

ದಂಪತಿಗಳಿಗೆ ಶಿಬಿರ ನಡೆಸುತ್ತೇನೆ ಅಂದರೆ ಜನ ಕೇಳುವುದು ಒಂದೇ: "ಗಂಡ ಹೆಂಡತಿಗೆ ಮಾತಾಡೋದನ್ನೂ ಹೇಳಿಕೊಡಬೇಕಾ?" ಖಂಡಿತ ಬೇಕು. ಮದುವೆಗೆ ಮುಂಚೆ ಜಾತಕ ನೋಡುತ್ತೇವೆ, ಛತ್ರ ಹುಡುಕುತ್ತೇವೆ. ಸಿಟ್ಟು ಬಂದಾಗ ಹೇಗೆ ಮಾತಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ.

ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ಶಿಬಿರಕ್ಕೆ ಮುಂಚೆ ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಮಾತಾಡುತ್ತೇನೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅವರನ್ನು ಜೋಡಿಯಾಗಿ ಕೂರಿಸುವುದಿಲ್ಲ. ಹೆದರಿಕೊಂಡಿರುವವರು ಮನಸ್ಸಿನ ಮಾತು ಹೇಳಿದರೆ ರಾತ್ರಿ ಅದಕ್ಕೇ ಪೆಟ್ಟು ತಿನ್ನಬೇಕಾಗಬಹುದು. ಅಂಥ ಹೆಣ್ಣುಮಕ್ಕಳಿಗೆ 181 ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಗ್ಗೆ ಹೇಳುತ್ತೇನೆ.

ಉಳಿದವರಿಗೆ ಉಪದೇಶ ಮಾಡುವುದಿಲ್ಲ. "ಹೊಂದಿಕೊಂಡು ಹೋಗಿ" ಅನ್ನುವುದನ್ನು ಅವರು ಬೇಕಾದಷ್ಟು ಕೇಳಿರುತ್ತಾರೆ. ನಾನು ಮಾಡಿಸುವುದು ಅಭ್ಯಾಸ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಹೊವರ್ಡ್ ಮಾರ್ಕ್‌ಮನ್, ಸ್ಕಾಟ್ ಸ್ಟ್ಯಾನ್ಲಿ ರೂಪಿಸಿದ 'ಪ್ರೆಪ್' ತರಬೇತಿಯಲ್ಲಿರುವ ವಿಧಾನ ಇದು. ಕೈಯಲ್ಲಿ ಕಾರ್ಡ್ ಇದ್ದವರು ಮಾತ್ರ ಮಾತಾಡಬೇಕು. ಇನ್ನೊಬ್ಬರು ಕೇಳಿಸಿಕೊಂಡಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಸಮರ್ಥನೆ, ಪರಿಹಾರ ಯಾವುದೂ ಆಗ ಬೇಡ.

ಕೇಳೋಕೆ ಸುಲಭ ಅಲ್ವಾ? ಒಂದು ಜೋಡಿ ಹೀಗೆ ಶುರು ಮಾಡಿದರು.

"ರೀ, ಊರಿಗೆ ದುಡ್ಡು ಕಳಿಸಿದ್ದು ನನಗೆ ಆಮೇಲೆ ಗೊತ್ತಾಗುತ್ತೆ. ಬೇಜಾರಾಗುತ್ತೆ."

"ಅಂದ್ರೆ ಅಮ್ಮನಿಗೆ ದುಡ್ಡು ಕಳಿಸಬಾರದು ಅಂತೀಯ."

"ನಾನೆಲ್ಲಿ ಹಾಗಂದೆ?"

ಇನ್ನೊಂದು ಸಲ ಹೇಳಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಳಿಸೋದಕ್ಕಲ್ಲ, ಮೊದಲೇ ನಿನಗೊಂದು ಮಾತು ಹೇಳಲಿಲ್ಲ ಅಂತ ಬೇಜಾರು. ಸರೀನಾ?" ಆಕೆ "ಹೂಂ" ಅಂದು ಕಾರ್ಡನ್ನು ಗಂಡನ ಕೈಗೆ ಕೊಟ್ಟರು. ಆಮೇಲೆ ತನ್ನ ಮೇಲೆ ಅಣ್ಣತಮ್ಮಂದಿರ ಒತ್ತಡ ಎಷ್ಟಿದೆ ಅಂತ ಅವರು ಹೇಳಿದರು. ಆಕೆಗೆ ಅದು ಗೊತ್ತೇ ಇರಲಿಲ್ಲ.

ದುಡ್ಡಿನ ವಿಷಯ ಅವತ್ತು ತೀರ್ಮಾನ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಶೇ. 69ರಷ್ಟು ಪೂರ್ತಿ ಬಗೆಹರಿಯದೆ ಮತ್ತೆ ಮತ್ತೆ ಬರುವಂಥವು ಅಂತ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ತಮ್ಮ ಅಧ್ಯಯನದಲ್ಲಿ ಕಂಡುಕೊಂಡಿದ್ದಾರೆ. ಇದನ್ನು ಹೇಳಿದಾಗ ಎಷ್ಟೋ ಜನ ಹಗುರಾಗುವುದನ್ನು ನೋಡಿದ್ದೇನೆ. ತಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಂಡಿರುತ್ತಾರೆ ಪಾಪ.

ಶಿಬಿರದಲ್ಲಿ ಕಲಿತದ್ದು ಮನೆಯಲ್ಲಿ ಮಾಡದಿದ್ದರೆ ಬೇಗ ಮರೆತುಹೋಗುತ್ತದೆ. ಅದಕ್ಕೆ ಮಕ್ಕಳು ಮಲಗಿದ ಮೇಲೆ ಹತ್ತು ನಿಮಿಷ ಕೂರಿ, ಮೊಬೈಲ್ ಪಕ್ಕದ ರೂಮಿನಲ್ಲಿರಲಿ ಅನ್ನುತ್ತೇನೆ. ಸಿಟ್ಟು ಏರಿ ಎದೆ ಹೊಡೆದುಕೊಳ್ಳೋಕೆ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಕನಿಷ್ಠ 20 ನಿಮಿಷ ಬಿಟ್ಟು ವಾಪಸ್ ಬರುತ್ತೇನೆ ಅಂತ ಹೇಳಿಯೇ ಎದ್ದು ಹೋಗಿ. ಹೇಳದೆ ಹೋದರೆ ಇನ್ನೊಬ್ಬರಿಗೆ ಬಾಗಿಲು ಹಾಕಿದ ಹಾಗಾಗುತ್ತದೆ. ಶುರುವಿನಲ್ಲಿ ಚಿಕ್ಕ ವಿಷಯ ಸಾಕು. ಈ ಸಲ ದೀಪಾವಳಿಗೆ ಯಾರ ಮನೆಗೆ, ಬೆಳಗ್ಗೆ ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡೋದು ಯಾರು, ಇಷ್ಟು. ಸಾಲ, ಸೈಟು, ಅತ್ತೆ-ನಾದಿನಿಯರ ವಿಷಯ ಕೈ ಪಳಗಿದ ಮೇಲೆ ಎತ್ತಿಕೊಳ್ಳಿ.