ಸೆಕೆಯ ಊರಿನಲ್ಲಿ ರೋಡ್ ಸೈಕಲ್: ಬೆವರು, ಉಪ್ಪು ಮತ್ತು ಭಾನುವಾರದ ಗುಂಪು

ರೋಡ್ ಸೈಕಲ್, ಅಂದರೆ ತೆಳು ಟೈರಿನ, ಬಾಗಿದ ಹ್ಯಾಂಡಲ್ಲಿನ ವೇಗದ ಸೈಕಲ್, ತಗೊಳ್ಳಬೇಕು ಅಂತಿರುವವರು ಮೊದಲು ಕೇಳುವುದು ಕಾರ್ಬನ್ ಫ್ರೇಮ್ ಒಳ್ಳೆಯದಾ, ಅಲ್ಯೂಮಿನಿಯಂ ಸಾಕಾ ಅಂತ. ಉಡುಪಿಯಲ್ಲಿ ಓಡಿಸುವುದಾದರೆ ಆ ವಿಷಯಕ್ಕೆ ಆಮೇಲೆ ಬರೋಣ ಅನ್ನುತ್ತೇನೆ. ಇಲ್ಲಿ ಸವಾರಿ ಕೆಡುವುದು ಫ್ರೇಮಿನಿಂದ ಅಲ್ಲ, ಬೆವರಿನಿಂದ. ನಂದಿ ಬೆಟ್ಟವನ್ನು ಒಂದೇ ಬಾಟಲಿ ನೀರಿನಲ್ಲಿ ಹತ್ತಿ ಇಳಿಯುವ ಬೆಂಗಳೂರಿನ ಗೆಳೆಯರು ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರೆ ಕುಂದಾಪುರ ಮುಟ್ಟುವ ಮೊದಲೇ ಎರಡೂ ಬಾಟಲಿ ಖಾಲಿ ಮಾಡಿ ಅಂಗಡಿ ಹುಡುಕುತ್ತಾರೆ. ರಸ್ತೆಯೋ, ಬಹುಪಾಲು ಸಪಾಟು!

ಕಾರಣ ಸುಲಭ. ಗಾಳಿಯಲ್ಲೇ ನೀರು ತುಂಬಿಕೊಂಡಿರುವಾಗ ಮೈಮೇಲಿನ ಬೆವರು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ತಣಿಯದ ಮೈ ಇನ್ನೂ ಜಾಸ್ತಿ ಬೆವರುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ತಪ್ಪುತ್ತದೆ, ಸೆಕೆ ತಪ್ಪುವುದಿಲ್ಲ. ಗಾಳಿಯಲ್ಲಿ ತೇವ ಅತಿ ಜಾಸ್ತಿ ಇರುವುದೇ ಬೆಳಗಿನ ಜಾವ.

ಎಷ್ಟು ಕುಡಿಯಬೇಕು ಅಂತ ಊಹೆ ಮಾಡುವ ಬದಲು ನಾನು ತಕ್ಕಡಿ ನಂಬಿದೆ. ಹೊರಡುವ ಮೊದಲು ಬಟ್ಟೆ ಬಿಚ್ಚಿ ತೂಕ ನೋಡುವುದು, ಬಂದು ಮೈ ಒರೆಸಿಕೊಂಡು ಮತ್ತೆ ನೋಡುವುದು. ಒಂದು ಏಪ್ರಿಲ್ ಬೆಳಿಗ್ಗೆಯ ಲೆಕ್ಕ ಹೇಳುತ್ತೇನೆ. ಹೋಗುವಾಗ 71.4 ಕೆ.ಜಿ., ಬಂದಾಗ 69.9. ನಡುವೆ 750 ಮಿ.ಲೀ.ನ ಎರಡು ಬಾಟಲಿ ಕುಡಿದಿದ್ದೆ. ಅಂದರೆ ಎರಡೂವರೆ ಗಂಟೆಯಲ್ಲಿ ಮೈಯಿಂದ ಹೋದದ್ದು ಸುಮಾರು 3 ಲೀಟರ್, ಗಂಟೆಗೆ 1.2 ಲೀಟರ್. ಡಿಸೆಂಬರ್‌ನಲ್ಲಿ ಅದೇ ದಾರಿ, ಅದೇ ವೇಗ, ಆದರೆ ಇದರ ಮುಕ್ಕಾಲು ಭಾಗವೂ ಇರಲಿಲ್ಲ. ತೂಕ ನೂರಕ್ಕೆ ಎರಡು ಇಳಿದರೆ ಕಾಲು ಭಾರ ಆಗುತ್ತದೆ, ತಲೆಯೂ ಮಂಕಾಗುತ್ತದೆ. ಹೆದ್ದಾರಿಯಲ್ಲಿ ತಲೆ ಮಂಕಾಗುವುದು ಕಾಲು ಭಾರ ಆಗುವುದಕ್ಕಿಂತ ಅಪಾಯ. ಹೋದದ್ದನ್ನೆಲ್ಲ ಸೀಟಿನ ಮೇಲೇ ತುಂಬಿಸಲು ಆಗುವುದಿಲ್ಲ, ಹೊಟ್ಟೆ ಒಪ್ಪುವುದಿಲ್ಲ. ಸೆಕೆಗಾಲದಲ್ಲಿ ಗಂಟೆಗೆ ಒಂದು ಬಾಟಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು. ಬಾಕಿ ಮನೆಗೆ ಬಂದ ಮೇಲೆ. ತೂಕ ನೋಡಿ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ. ನಮ್ಮ ಗುಂಪಿನಲ್ಲೇ ಒಬ್ಬರ ಜೆರ್ಸಿ ಹಿಂಡಿದರೆ ನೀರು ಬರುತ್ತದೆ, ಪಕ್ಕದವರ ಕಾಲರ್ ಮಾತ್ರ ಒದ್ದೆ.

ಬರೀ ನೀರು ಕುಡಿದರೂ ಸಾಲದು. ಬೆವರಿನ ಜೊತೆ ಸೋಡಿಯಂ ಹೋಗುತ್ತದೆ. ಕಪ್ಪು ಜೆರ್ಸಿ ಒಣಗಿದ ಮೇಲೆ ಬೆನ್ನಿನಲ್ಲಿ ಬಿಳಿ ಗೆರೆ ಕಾಣುತ್ತದಲ್ವಾ, ಅದೇ ಉಪ್ಪು. ಉಪ್ಪು ಕಳೆದುಕೊಳ್ಳುತ್ತಾ ಸಾದಾ ನೀರನ್ನೇ ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಶುರುವಾಗುತ್ತದೆ. ಅದು ಮಿತಿಮೀರಿದರೆ ಪ್ರಾಣಕ್ಕೂ ಅಪಾಯ.

ನನ್ನ ಪರಿಹಾರ ಔಷಧಿ ಅಂಗಡಿಯ ಓಆರ್‌ಎಸ್ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ 1 ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತದೆ. ಅದು ಭೇದಿಗೆ ಮಾಡಿದ ಸೂತ್ರ, ಸೈಕಲ್ಲಿಗೆ ಅಷ್ಟು ಗಟ್ಟಿ ಬೇಡ. ಹಾಗಾಗಿ 1 ಲೀಟರಿನ ಪೊಟ್ಟಣವನ್ನು ಒಂದೂವರೆ ಲೀಟರ್ ನೀರಿನಲ್ಲಿ ಕರಗಿಸುತ್ತೇನೆ. ಅರ್ಧ ನನ್ನ ಬಾಟಲಿಗೆ, ಉಳಿದರ್ಧ ಫ್ರಿಜ್ಜಿಗೆ, ಬಂದ ಮೇಲೆ ಕುಡಿಯಲು. ಕಾಯಿಲೆ ಬಿದ್ದಾಗ ಮಾತ್ರ ಪೊಟ್ಟಣದ ಮೇಲೆ ಬರೆದ ಅಳತೆಯೇ ಸರಿ. ಬಿಪಿ ಅಥವಾ ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ಎರಡನೇ ಬಾಟಲಿಯಲ್ಲಿ ಯಾವಾಗಲೂ ಸಾದಾ ನೀರು. ತಲೆಗೆ ಸುರಿದುಕೊಳ್ಳಲು, ಬಿದ್ದು ಮೊಣಕಾಲು ತರಚಿದರೆ ತೊಳೆಯಲು ಅದೇ ಬೇಕು.

ಬೊಂಡ (ಎಳನೀರು) ಇರುವಾಗ ಪುಡಿ ಯಾಕೆ ಅಂತ ಕೇಳುತ್ತಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದರ ತಿರುಗಾ ಮುರುಗಾ. ಕುಡಿಯಿರಿ, ಖುಷಿಯಿಂದ ಕುಡಿಯಿರಿ, ಜೊತೆಗೆ ಉಪ್ಪಿರುವುದು ಏನಾದರೂ ತಿನ್ನಿ. ಉಪ್ಪು ಹಾಕಿದ ಮಜ್ಜಿಗೆ, ಪುನರ್ಪುಳಿ (ಕೋಕಂ) ಶರಬತ್ತಿಗೆ ಒಂದು ಚಿಟಿಕೆ ಉಪ್ಪು, ಎಲ್ಲ ನಡೆಯುತ್ತದೆ. ಮನೆಗೆ ಬಂದ ಮೇಲೆ ನನಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ನೀರು, ಪಿಷ್ಟ, ಉಪ್ಪು ಮೂರೂ ಒಂದೇ ಬಟ್ಟಲಿನಲ್ಲಿ. ಸಾವಿರಾರು ರೂಪಾಯಿಯ ರಿಕವರಿ ಡ್ರಿಂಕ್ ಡಬ್ಬ ಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ. ದಾರಿಯಲ್ಲಿ ಮಾತ್ರ ಬನ್ಸ್ ಬೇಡ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲೇ ಕೂತುಬಿಡುತ್ತದೆ. ಇಡ್ಲಿ, ಬಾಳೆಹಣ್ಣು, ಕಡಲೆ ಚಿಕ್ಕಿ ಸಾಕು. ಬನ್ಸ್ ಕೊನೆಯ ನಿಲುಗಡೆಗೆ ಇರಲಿ.

ಈಗ ಸಾಮಾನಿನ ವಿಷಯ. ನನ್ನದು ಅಲ್ಯೂಮಿನಿಯಂ ಫ್ರೇಮ್, 28 ಮಿ.ಮೀ. ಟೈರ್. ಮೊದಲು 25 ಇತ್ತು. ಹೆದ್ದಾರಿಯ ಸೇತುವೆಗಳ ಜಾಯಿಂಟ್‌ಗಳಲ್ಲಿ ಕೈ ಜುಮ್ ಅನ್ನುತ್ತಿತ್ತು. ಟೈರಿನ ಗಾಳಿ ಹಿಂದೆ 75 ಪಿಎಸ್‌ಐ (ಒತ್ತಡದ ಅಳತೆ), ಮುಂದೆ 70. ಟೈರನ್ನು ಕಲ್ಲಿನ ಹಾಗೆ ಉಬ್ಬಿಸಿದರೆ ವೇಗ ಬರುತ್ತದೆ ಎಂಬ ನಂಬಿಕೆ ಇನ್ನೂ ಉಂಟು. ನಮ್ಮ ರಸ್ತೆಯಲ್ಲಿ ಅದರಿಂದ ಬರುವುದು ಬೆನ್ನುನೋವು. ಪ್ಯಾಡ್ ಇರುವ ಬಿಬ್ ಶಾರ್ಟ್ಸ್‌ಗೆ (ಹೆಗಲಿಗೆ ಪಟ್ಟಿ ಇರುವ ಸೈಕಲ್ ಚಡ್ಡಿ) ಜಿಪುಣತನ ಮಾಡಬೇಡಿ, ಅದರ ಒಳಗೆ ಚಡ್ಡಿ ಹಾಕಬೇಡಿ. ಒದ್ದೆ ಹೊಲಿಗೆ ಉಜ್ಜಿ ಆಗುವ ಗಾಯ ಈ ಸೆಕೆಯಲ್ಲಿ ವಾರಗಟ್ಟಲೆ ಮಾಯುವುದಿಲ್ಲ.

ಕರಾವಳಿಯಲ್ಲಿ ಸೈಕಲ್ಲಿನ ನಿಜವಾದ ಶತ್ರು ಉಪ್ಪು. ಸಮುದ್ರದ ಗಾಳಿಯದ್ದು ಅರ್ಧ, ನಮ್ಮ ಬೆವರಿನದ್ದು ಅರ್ಧ. ಹ್ಯಾಂಡಲ್ ಟೇಪ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಬ್ರೇಕ್ ಹಿಡಿಯುವ ಜಾಗದ ಕೆಳಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಉಗುರಿನಿಂದ ಕೆರೆದರೆ ಅಡಿಯಲ್ಲಿ ಸಣ್ಣ ಸಣ್ಣ ಗುಳಿ. ಅಲ್ಲಿಂದಲೇ ಹ್ಯಾಂಡಲ್ ಒಂದು ದಿನ ತುಂಡಾಗುವುದು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಟೇಪ್ ಬದಲಿಸಿ, ಕೊಳವೆಯನ್ನು ಬೆಳಕಿನಲ್ಲಿ ತಿರುಗಿಸಿ ನೋಡಿ. ಸೀಟ್‌ಪೋಸ್ಟ್‌ಗೆ, ಬಾಟಲಿ ಕೇಜಿನ ಬೋಲ್ಟ್‌ಗಳಿಗೆ ಗ್ರೀಸ್ ಹಾಕಿ. ಉಪ್ಪಿನ ಬಾಟಲಿ ತೊಟ್ಟಿಕ್ಕುವುದು ಆ ಬೋಲ್ಟ್‌ಗಳ ಮೇಲೇ. ಬಂದ ಕೂಡಲೇ ಒಂದು ಚೆಂಬು ಬಾವಿ ನೀರು ಹಾಕಿ, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಮುಚ್ಚಳ ತೆಗೆದು ಬೋರಲು ಇಡಿ. ಮುಚ್ಚಿಟ್ಟರೆ ಎರಡೇ ದಿನಕ್ಕೆ ಮೂತಿಯ ಒಳಗೆ ಕಪ್ಪು ಬೂಸ್ಟು.

ಗುಂಪಿನ ಸವಾರಿ ಯೋಜನೆ ಮಾಡುವಾಗ ನಾನು ಮೊದಲು ನೋಡುವುದು ದೂರ ಅಲ್ಲ, ಗಾಳಿ. ಜನವರಿಯಿಂದ ಮೇ ತನಕ ಬೆಳಿಗ್ಗೆ ಗಾಳಿ ಇದ್ದರೂ ಮೆಲ್ಲಗೆ, ನೆಲದ ಕಡೆಯಿಂದ. ಹೊತ್ತು ಏರಿದ ಹಾಗೆ ಸಮುದ್ರದ ಗಾಳಿ ಶುರುವಾಗಿ ಕ್ರಮೇಣ ವಾಯವ್ಯದಿಂದ ಬೀಸುತ್ತದೆ. ಆದ್ದರಿಂದ ಮೊದಲು ಉತ್ತರಕ್ಕೆ, ಬರುವಾಗ ದಕ್ಷಿಣಕ್ಕೆ. ಮರವಂತೆಗೆ ಹೋಗಿ ಬರಲು 100 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋ ತೆಗೆಯದೆ ಯಾರೂ ಬಿಡುವುದಿಲ್ಲ, ಅದಕ್ಕೂ ಇಪ್ಪತ್ತು ನಿಮಿಷ ಇಡಬೇಕು. ತಿರುಗಿ ಬರುವಾಗ ಬೆನ್ನಿಗೆ ಗಾಳಿ ಸಿಕ್ಕರೆ ಸುಸ್ತಾದವರೂ ಮನೆ ಸೇರುತ್ತಾರೆ. ಮಂಗಳೂರು ಕಡೆಗೆ ಹೋದರೆ ಇದು ಉಲ್ಟಾ. ಹತ್ತು ಗಂಟೆಯ ಮೇಲೆ ಎದುರು ಗಾಳಿಗೆ ಪೆಡಲ್ ತುಳಿಯುವುದು ಯಾರಿಗೆ ಬೇಕು!

ಹೊಸಬರು ಬಂದ ದಿನ ಹೆದ್ದಾರಿಗೇ ಹೋಗುವುದಿಲ್ಲ. ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿ, ಮಟ್ಟು ಮೇಲಾಗಿ ಕಾಪು. ಗುಳ್ಳ ಬದನೆಯ ಗದ್ದೆ ನೋಡಿಕೊಂಡು, 1901ರ ದೀಪಸ್ತಂಭದ ಬುಡದಲ್ಲಿ ನೀರು ಕುಡಿದು ವಾಪಸ್. ಕಿರಿದಾದ ರಸ್ತೆ, ವಾಹನ ಕಡಿಮೆ. ಸಾಲಿನಲ್ಲಿ ಓಡಿಸುವುದು, ಕೈಸನ್ನೆ, ಎಲ್ಲ ಅಲ್ಲೇ ಕಲಿಸಬಹುದು. ಮಲ್ಪೆ ಸುತ್ತ ಒಂದು ಜಾಗ್ರತೆ ಬೇಕು. ಮೀನಿನ ಲಾರಿಗಳಿಂದ ಸೋರುವ ನೀರು ತಿರುವುಗಳಲ್ಲಿ ಹೊಳೆಯುತ್ತಿರುತ್ತದೆ. ಅದು ಬರೀ ನೀರಲ್ಲ, ಮೀನಿನ ಎಣ್ಣೆ ಸೇರಿದ್ದು. ಅಲ್ಲಿ ಸೈಕಲ್ ಓರೆ ಮಾಡಬಾರದು, ಬ್ರೇಕ್ ತಿರುವಿಗೆ ಮೊದಲೇ ಮುಗಿದಿರಬೇಕು. ವಾಸನೆ ಬಂದಾಗಲೇ ಹುಷಾರಾಗಿ ಅಂತ ಹೇಳಿಕೊಡುತ್ತೇನೆ.

ಒಂದು ಸಾಲಿನಲ್ಲಿ ಎಂಟು ಜನ, ಅದಕ್ಕಿಂತ ಜಾಸ್ತಿ ಬೇಡ. ಹತ್ತು ಹನ್ನೆರಡು ಆದರೆ ಎರಡು ಗುಂಪು, ನಡುವೆ ಬಸ್ಸು ಹೊಕ್ಕುವಷ್ಟು ಜಾಗ. ನಿಧಾನ ಇರುವವರನ್ನು ಕೊನೆಗೆ ಹಾಕುವುದು ರೂಢಿ, ನಾನು ಅವರನ್ನು ಮುಂದಿನವನ ಹಿಂದೆಯೇ ಇಡುತ್ತೇನೆ. ಅಲ್ಲಿ ಗಾಳಿಯ ಮರೆ ಸಿಗುತ್ತದೆ, ಮುಂದಿನವನಿಗೆ ಅವರ ಏದುಸಿರೂ ಕೇಳುತ್ತದೆ. ಕೊನೆಯಲ್ಲಿ ಗಟ್ಟಿಗನೊಬ್ಬ, ಪಂಪು ಮತ್ತು ಟ್ಯೂಬಿನ ಜೊತೆ. ಕೂಗುವ ಮಾತು ಮೂರೇ: "ಹೊಂಡ", "ಜಲ್ಲಿ", "ಬಸ್ಸು". ಕೊನೆಯದಕ್ಕೆ ಬೇರೆ ನಿಯಮವೇ ಉಂಟು. ನಮ್ಮನ್ನು ದಾಟಿದ ಎಕ್ಸ್‌ಪ್ರೆಸ್ ಬಸ್ಸು ಐವತ್ತು ಮಾರು ಮುಂದೆ ಎಡಕ್ಕೆ ಎಳೆದು ನಿಲ್ಲುತ್ತದೆ. ಅದರ ಎಡಗಡೆಯಿಂದ ನುಗ್ಗಲೇಬಾರದು, ಬಾಗಿಲಿನಿಂದ ಜನ ಇಳಿಯುತ್ತಿರುತ್ತಾರೆ. ಹಿಂದೆ ನಿಂತು ಕಾಯಿರಿ. ಚತುಷ್ಪಥ ಆದ ಮೇಲೆ ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಸ್ಕೂಟರ್‌ಗಳದ್ದು ಇನ್ನೊಂದು ಕತೆ. ಮುಂದಿನ ದೀಪ ಹಗಲೂ ಉರಿಯುತ್ತಿರಲಿ.

ಶನಿವಾರ ರಾತ್ರಿ ಕಳಿಸುವ ಮೆಸೇಜ್ ಚಿಕ್ಕದು: ಎಲ್ಲಿ, ಎಷ್ಟು ಗಂಟೆಗೆ, ನೀರಿಗೆ ಎಲ್ಲೆಲ್ಲಿ ನಿಲ್ಲುತ್ತೇವೆ, ಎಷ್ಟು ಹೊತ್ತಿಗೆ ವಾಪಸ್. ನೀರಿನ ಜಾಗಗಳನ್ನು ನಾನು 20 ಕಿ.ಮೀ.ಗೆ ಒಂದರಂತೆ ಇಡುತ್ತೇನೆ, ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದಿರುವ ಅಂಗಡಿಯೇ ಆಗಬೇಕು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಭಾನುವಾರ ಬೆಳಿಗ್ಗೆ ತೆರೆದ ಅಂಗಡಿ ಯಾವುದು ಅಂತ ಗೊತ್ತಿರುವವನೇ ನಿಜವಾದ ಲೀಡರ್.

ಆಗುಂಬೆಗೆ ಈ ಲೆಕ್ಕ ಇನ್ನೂ ಬಿಗಿ. ಹಿರಿಯಡಕ, ಪೆರ್ಡೂರು ದಾಟುವಾಗಲೇ ಏರು ತಗ್ಗು ಕಾಲನ್ನು ಮೆಲ್ಲಗೆ ತಿನ್ನುತ್ತದೆ. ಹೆಬ್ರಿಯಲ್ಲಿ ತಿಂಡಿ, ಸೋಮೇಶ್ವರದಲ್ಲಿ ಎರಡೂ ಬಾಟಲಿ ಭರ್ತಿ. ಮೇಲೆ 14 ಹೇರ್‌ಪಿನ್ ತಿರುವು ಮುಗಿಯುವ ತನಕ ಅಂಗಡಿ ಇಲ್ಲ. ಮುಂದೆ 34, ಹಿಂದೆ 32 ಹಲ್ಲಿನ ಗೇರ್ ಇದ್ದರೆ ಕೂತೇ ಹತ್ತಬಹುದು. ಹಿಂದೆ ಹಲ್ಲು ಕಡಿಮೆಯಾದಷ್ಟು ಏರು ಭಾರ, ಹಾಗಾಗಿ 28 ಮಾತ್ರ ಇರುವವರಿಗೆ ಮೊದಲೇ ಹೇಳುತ್ತೇನೆ, ಮೊಣಕಾಲು ನಿಮ್ಮದು ಅಂತ. ಇಳಿಯುವಾಗ ಗುಂಪು ಇಲ್ಲ, ಒಬ್ಬೊಬ್ಬರೇ, ಅಂತರ ಬಿಟ್ಟು. ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಇರುವವರು ಒಂದೇ ಸಮನೆ ಹಿಡಿದಿಡದೆ, ತಿರುವಿಗೆ ಮೊದಲು ಹಿಡಿದು ಬಿಟ್ಟು ಮಾಡಬೇಕು. ರಿಮ್ ಬಿಸಿಯಾದರೆ ಟ್ಯೂಬ್ ಒಡೆಯುತ್ತದೆ.

ಜೂನ್ ಬಂತೆಂದರೆ ಘಾಟಿ ಬಂದ್, ನಮ್ಮ ಪಾಲಿಗೆ. ಸೆಪ್ಟೆಂಬರ್ ತನಕ ಮಳೆ ಬಿಟ್ಟ ಬೆಳಿಗ್ಗೆ ನೋಡಿ ಕೆಮ್ಮಣ್ಣು, ಹೂಡೆ, ಕೋಡಿ ಬೆಂಗ್ರೆ ಅಂತ ಹತ್ತಿರದ ಸುತ್ತು. ಟೈರಿನ ಗಾಳಿ 5 ಪಿಎಸ್‌ಐ ಕಡಿಮೆ, ಹಿಂದಿನ ಕೆಂಪು ದೀಪ ಕಡ್ಡಾಯ, ಮೊಬೈಲಿಗೆ ಹಾಲಿನ ಪ್ಲಾಸ್ಟಿಕ್ ಕವರ್. ಮಡ್‌ಗಾರ್ಡ್ ಇಲ್ಲದವರು ದಯವಿಟ್ಟು ಸಾಲಿನ ಕೊನೆಗೆ.